ರೋಗಿ ಶಾಂತವಾಗಿದ್ದಾರೆ

ಅಚ್ಚುಕಟ್ಟಮ್ಮ ಹಾಸಿಕೊಟ್ಟ ಹಾಸಿಗೆಯಲ್ಲಿ ಮಲಗಲು ರೋಗಿಗಳು ಹಿಂದೆಮುಂದೆ ನೋಡುತ್ತಿದ್ದರು. ಒಂದು ಸುಕ್ಕಿಲ್ಲ, ಒಂದು ಗೀರಿಲ್ಲ. ಮೂಲೆಗಳನ್ನು ಮಡಿಸಿದ ರೀತಿ ನೋಡಿದರೆ ಎಲ್ಲಿ ಕೈ ಕೊಯ್ದುಹೋಗುತ್ತದೋ ಎನ್ನಿಸಬೇಕು. ನರ್ಸಿಂಗ್ ಶಾಲೆಯ ಹುಡುಗಿಯರೆಲ್ಲ ಸೇರಿ ಅವಳಿಗೆ ಆ ಹೆಸರಿಟ್ಟದ್ದು ಮೊದಲ ವರ್ಷ ಮುಗಿಯುವ ಮುಂಚೆಯೇ. ಈಗ ಎರಡನೆಯ ವರ್ಷ. ಹೆಸರು ಮೈಗಂಟಿ ಕೂತಿತ್ತು. ಮನೆಯಲ್ಲೂ ಅವಳದು ಅದೇ ರಾಗ. ಟವೆಲುಗಳೆಲ್ಲ ಒಂದೇ ಅಳತೆಗೆ ಮಡಿಸಿರಬೇಕು, ಚಮಚಗಳೆಲ್ಲ ಒಂದೇ ಕಡೆಗೆ ಮುಖ ಮಾಡಿರಬೇಕು. ತಾನು ಸ್ವಲ್ಪ ಹೊತ್ತು ಅಲ್ಲಾಡದೆ ಕೂತರೆ ಮೊಮ್ಮಗಳು ತನ್ನನ್ನೂ ಮಡಚಿ ಬೀರುವಿನಲ್ಲಿ ಇಟ್ಟುಬಿಡುತ್ತಾಳೆ ಎಂದು ಅಜ್ಜಿ ಮನೆಗೆ ಬಂದವರ ಹತ್ತಿರವೆಲ್ಲ ದೂರುತ್ತಿದ್ದಳು.

ಇಂಥ ಹುಡುಗಿಗೆ ಸೂಜಿ ಚುಚ್ಚುವುದು ಕಷ್ಟವಾಗಲಿಲ್ಲ. ಗಾಯಕ್ಕೆ ಪಟ್ಟಿ ಕಟ್ಟುವುದು ಕಷ್ಟವಾಗಲಿಲ್ಲ. ನಾಲಿಗೆ ಹೊರಳದಂಥ ಔಷಧದ ಹೆಸರುಗಳೂ ಬಾಯಿಪಾಠವಾಗಿದ್ದವು. ಅವಳನ್ನು ಸುಸ್ತುಮಾಡಿದ್ದು ಒಂದು ದಿನಚರಿ.

ಶಾಲೆಯ ಪಾಠಪಟ್ಟಿಯಲ್ಲಿ ಅದಕ್ಕೆ ಆತ್ಮಾವಲೋಕನ ದಿನಚರಿ ಎಂಬ ಗಂಭೀರವಾದ ಹೆಸರಿತ್ತು. ಹುಡುಗಿಯರ ಬಾಯಲ್ಲಿ ಅದು ಅಳುಬುಕ್ಕು. ವಾರ್ಡಿನಲ್ಲಿ ಕೆಲಸ ಮಾಡಿದ ಪ್ರತಿ ವಾರವೂ ಮನಸ್ಸಿಗೆ ತಟ್ಟಿದ ಒಂದು ಸಂಗತಿಯನ್ನು ಅದರಲ್ಲಿ ಬರೆಯಬೇಕು. ಏನು ನಡೆಯಿತು, ಆಗ ನಿನಗೆ ಏನನ್ನಿಸಿತು, ಯಾಕೆ ಹಾಗೆ ಮಾಡಿದೆ, ನಾಳೆ ಅದೇ ಸಂದರ್ಭ ಎದುರಾದರೆ ಏನು ಮಾಡುತ್ತೀಯ. ದಿನಚರಿ ನೋಡುವ ಅಧ್ಯಾಪಕಿ ಎಲ್ಲವನ್ನೂ ಸಾವಧಾನವಾಗಿ ಓದಿ, ಅಂಚಿನಲ್ಲಿ ಹಸಿರು ಶಾಯಿಯಿಂದ ‘ಆಮೇಲೆ?’ ಎಂದು ಬರೆದು ವಾಪಸು ಕೊಡುತ್ತಿದ್ದರು. ಅದಕ್ಕೇ ಅವರಿಗೆ ಆಮೇಲೆ ಮೇಡಂ ಎಂದೇ ಹೆಸರು. ಗಂಟೆ ಹೊಡೆಯಿತು ಮೇಡಂ ಎಂದರೂ ‘ಆಮೇಲೆ?’ ಎಂದು ಕೇಳುತ್ತಾರೆ ಎಂದು ಹುಡುಗಿಯರು ಆಡಿಕೊಳ್ಳುತ್ತಿದ್ದರು.

ಅಚ್ಚುಕಟ್ಟಮ್ಮನ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಗೆ ಈ ದಿನಚರಿ ನೀರು ಕುಡಿದಷ್ಟು ಸಲೀಸು. ಅವಳ ಅಡ್ಡಹೆಸರು ಕೊಳಾಯಿ. ತಿರುಪಿದರೆ ಸಾಕು, ಕಣ್ಣಲ್ಲಿ ನೀರು. ರೋಗಿ ಕೆಮ್ಮಿದರೆ ಅವಳಿಗೆ ಎರಡು ಪುಟ, ರೋಗಿ ಗುಣವಾಗಿ ಮನೆಗೆ ಹೊರಟರೆ ಮೂರು ಪುಟ.

ಅಚ್ಚುಕಟ್ಟಮ್ಮನಿಗೆ ಬರೆಯಲು ಬರುತ್ತಿರಲಿಲ್ಲ ಎಂದಲ್ಲ. ರೋಗಿಯ ಚಾರ್ಟನ್ನು ಅವಳಷ್ಟು ಚೊಕ್ಕವಾಗಿ ಬರೆಯುವವರು ತರಗತಿಯಲ್ಲಿ ಇನ್ನೊಬ್ಬರಿರಲಿಲ್ಲ. ಕಂಡದ್ದು, ಕೇಳಿದ್ದು, ಅಳೆದದ್ದು, ಅಷ್ಟೇ, ಹೆಚ್ಚಿನ ಮಾತಿಲ್ಲ. ‘ನಾನು’ ಎಂಬುದಕ್ಕೆ ಚಾರ್ಟಿನಲ್ಲಿ ಜಾಗವೇ ಇಲ್ಲ. ಕೈಗೆ ಅದೇ ರೂಢಿಯಾಗಿ, ದಿನಚರಿಗೂ ಅದೇ ಬಂತು. ವಾರ್ಡಿನಲ್ಲಿ ಮೊದಲ ಸಾವು ಕಂಡ ವಾರ ಅವಳು ಬರೆದದ್ದು ಹೀಗಿತ್ತು: ‘ವಿದ್ಯಾರ್ಥಿನಿ ಅತ್ತಳು. ಪ್ರಮಾಣ ಸಾಧಾರಣ. ಕುಡಿಯಲು ನೀರು ಕೊಡಲಾಯಿತು. ಸ್ವಲ್ಪ ಹೊತ್ತಿನಲ್ಲಿ ಸುಧಾರಿಸಿಕೊಂಡಳು. ಬೇರೆ ತೊಂದರೆ ಕಂಡುಬಂದಿಲ್ಲ.’

ಆಮೇಲೆ ಮೇಡಂ ಇದನ್ನು ಓದಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರಂತೆ. ನಗು ಬಂದಿತ್ತೋ ಇನ್ನೇನೋ, ನೋಡಿದವರಿಗೆ ತಿಳಿಯಲಿಲ್ಲ.

ನಗುವುದು ಏನೋ ಸರಿ, ಆದರೆ ದಿನಚರಿಗೆ ಮೇಡಂ ಸಹಿ ಬೀಳದಿದ್ದರೆ ಮುಂದಿನ ವಾರ್ಡಿಗೆ ಹೋಗುವಂತಿರಲಿಲ್ಲ. ಮುಂದಿನದು ಮಕ್ಕಳ ವಾರ್ಡು. ಅಚ್ಚುಕಟ್ಟಮ್ಮ ಈ ಓದಿಗೆ ಸೇರಿದ್ದೇ ಅದರ ಆಸೆಯಿಂದ. ಆ ವಾರ್ಡಿನ ಗೋಡೆಯ ಮೇಲೆ ಬಿಡಿಸಿದ್ದ ಆನೆಗಳನ್ನು ಗಾಜಿನ ಬಾಗಿಲ ಆಚೆಯಿಂದ ಎಷ್ಟು ಸಲ ನೋಡಿದ್ದಳೋ. ಸಹಿ ಸಿಗದವರು ಕೆಳಗಿನ ತರಗತಿಯ ಹುಡುಗಿಯರ ಜೊತೆ ಗಂಡಸರ ವಾರ್ಡಿನಲ್ಲೇ ಇನ್ನೊಂದು ಅವಧಿ ಕಳೆಯಬೇಕು. ಶುಕ್ರವಾರ ಸಂಜೆಯೊಳಗೆ ಒಂದಾದರೂ ಒಪ್ಪುವಂಥ ಬರಹ ಕೊಡು ಎಂದು ಮೇಡಂ ಅವಳಿಗೆ ಗಡುವು ಹಾಕಿದ್ದರು.

ಅದೇ ವಾರದ ಮೊದಲಲ್ಲೇ ಡ್ರೈವರಪ್ಪ ಓಡಿಹೋದದ್ದು.

ಡ್ರೈವರಪ್ಪ ಎಂದರೆ ಗಂಡಸರ ವಾರ್ಡಿನಲ್ಲಿ ಕಿಟಕಿ ಪಕ್ಕದ ಮಂಚದವರು. ಆಯುಷ್ಯವೆಲ್ಲ ಬಸ್ಸು ಓಡಿಸಿ ನಿವೃತ್ತರಾಗಿದ್ದ ದಪ್ಪ ಮೀಸೆಯ ಮನುಷ್ಯ. ಹರ್ನಿಯಾ ಆಪರೇಷನ್ನಿಗೆ ಬಂದಿದ್ದರು. ಮಂಚದ ಪಕ್ಕದಲ್ಲೇ ಕೂತು ಸ್ವೆಟರ್ ಹೆಣೆಯುತ್ತಿದ್ದ ಅವರ ಹೆಂಡತಿ, ತಮ್ಮ ಯಜಮಾನರಿಗೆ ಹೆದರಿಕೆ ಎಂದರೇನೆಂದೇ ಗೊತ್ತಿಲ್ಲ ಎಂದು ಆಯಾಳಿಂದ ಹಿಡಿದು ಡಾಕ್ಟರವರೆಗೆ ಎಲ್ಲರಿಗೂ ಹೇಳಿ ಮುಗಿಸಿದ್ದರು. ಹೆಂಡತಿ ಹೀಗೆ ಹೇಳಿದಾಗಲೆಲ್ಲ ಡ್ರೈವರಪ್ಪ ಮೀಸೆ ತಿರುವಿ ಕಿಟಕಿಯಾಚೆ ನೋಡುತ್ತಿದ್ದರು. ಕಿಟಕಿಯಾಚೆ ರಸ್ತೆ, ರಸ್ತೆಯಾಚೆ ಬಸ್ ನಿಲ್ದಾಣ.

ಆಪರೇಷನ್ ದಿನ ಬೆಳಿಗ್ಗೆ ಅವರನ್ನು ಸಿದ್ಧಪಡಿಸುವ ಕೆಲಸ ಅಚ್ಚುಕಟ್ಟಮ್ಮನ ಪಾಲಿಗೆ ಬಂತು. ಉಂಗುರ ಬಿಚ್ಚಿಸಿ ಹೆಂಡತಿಯ ಕೈಗೆ ಕೊಟ್ಟಳು, ಕಟ್ಟುಹಲ್ಲು ತೆಗೆಸಿ ನೀರಿನಲ್ಲಿ ಹಾಕಿದಳು, ಹಿಂದೆ ದಾರ ಕಟ್ಟುವ ಹಸಿರು ನಿಲುವಂಗಿ ತೊಡಿಸಿದಳು, ಬಿಪಿ ನೋಡಿದಳು. ಡ್ರೈವರಪ್ಪ ತಮ್ಮ ಚಪ್ಪಲಿ ಎಲ್ಲಿಡುತ್ತೀರಿ ಎಂದು ಕೇಳಿದರು. ಕವರಿನಲ್ಲಿ ಹಾಕಿ ಬೀರುವಿನಲ್ಲಿ ಎಂದಳು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದರು, ಮತ್ತೆ ಹೇಳಿದಳು. ಇನ್ನೊಮ್ಮೆ ಕೇಳಿದಾಗ ಕವರಿನ ಮೇಲೆ ಅಂಟಿಸಿದ ಚೀಟಿಯನ್ನೂ ತೋರಿಸಿದಳು. ಒಂದು ನಿಮಿಷ ಕೂತುಕೊಳ್ಳಮ್ಮ ಎಂದರು. ಅವಳು ಆಗಲಿ ಎಂದು, ಕೂರದೆ, ಕಾಲ ಬಳಿ ಸರಿದಿದ್ದ ಹೊದಿಕೆಯನ್ನು ಎಳೆದು ಮೂಲೆ ಮಡಿಸಿದಳು. ಆಮೇಲೆ ಚಾರ್ಟಿನಲ್ಲಿ ಮುತ್ತು ಪೋಣಿಸಿದಂತೆ ಬರೆದಳು: ‘ರೋಗಿ ಶಾಂತವಾಗಿದ್ದಾರೆ. ಯಾವುದೇ ದೂರು ಇಲ್ಲ.’

ಆ ಶಾಂತ ರೋಗಿ, ಹೆಂಡತಿ ಕೈ ತೊಳೆಯಲು ಹೋದ ಸಮಯ ನೋಡಿ, ಅವರ ಶಾಲನ್ನು ಹೊದ್ದು, ಪಕ್ಕದ ಮಂಚದವರ ಚಪ್ಪಲಿ ಮೆಟ್ಟಿ, ವಾರ್ಡಿನ ಬಾಗಿಲು, ಮೆಟ್ಟಿಲು, ಗೇಟು ಎಲ್ಲ ದಾಟಿ ಹೊರಟೇಹೋದರು. ತಳ್ಳುಮಂಚ ತೆಗೆದುಕೊಂಡು ಬಂದವರಿಗೆ ಸಿಕ್ಕಿದ್ದು ಒಂದು ಸುಕ್ಕೂ ಇಲ್ಲದ ಹಾಸಿಗೆ. ಹೋಗುವ ಮುಂಚೆ ಹೊದಿಕೆಯನ್ನು ಸರಿಮಾಡಿಯೇ ಹೋಗಿದ್ದರು ಪುಣ್ಯಾತ್ಮ.

ಕೊನೆಗೆ ಆಸ್ಪತ್ರೆಯ ಕಾವಲುಗಾರ ಅವರನ್ನು ಪತ್ತೆ ಮಾಡಿದ. ಎದುರಿನ ನಿಲ್ದಾಣದಲ್ಲಿ ನಿಂತಿದ್ದ ಬಸ್ಸೊಂದರಲ್ಲಿ, ಡ್ರೈವರ್ ಸೀಟಿನ ಹಿಂದಿನ ಸೀಟಿನಲ್ಲಿ, ಹಸಿರು ನಿಲುವಂಗಿಯ ಮೇಲೆ ಹೂವಿನ ಶಾಲು ಹೊದ್ದು ನೆಟ್ಟಗೆ ಕೂತಿದ್ದರು. ಹಳೆಯ ಪರಿಚಯದ ಕಂಡಕ್ಟರೊಬ್ಬ ಗುರುತು ಹಿಡಿದು, ಪಾಪ ಎಂದು ಚಹಾ ತಂದುಕೊಟ್ಟಿದ್ದ. ಡ್ರೈವರಪ್ಪ ಅದನ್ನು ಕೊನೆಯ ಗುಟುಕಿನವರೆಗೆ ಕುಡಿದಿದ್ದರು. ಹೊಟ್ಟೆಯಲ್ಲಿ ಚಹಾ ಇರುವವರಿಗೆ ಪ್ರಜ್ಞೆ ತಪ್ಪಿಸುವಂತಿಲ್ಲ; ಆಪರೇಷನ್ ಶನಿವಾರಕ್ಕೆ ಹೋಯಿತು. ಸರ್ಜನ್ ಮುಖ ಊದಿಸಿಕೊಂಡರು. ಹೆಂಡತಿ ಮಾತು ಬಿಟ್ಟರು. ವಾರ್ಡಿನ ದೊಡ್ಡ ಸಿಸ್ಟರ್ ಚಾರ್ಟ್ ತೆಗೆದು, ‘ಶಾಂತವಾಗಿದ್ದಾರೆ’ ಎಂಬ ಮಾತಿನ ಮೇಲೆ ಬೆರಳಿಟ್ಟು, ಅಚ್ಚುಕಟ್ಟಮ್ಮನ ಮುಖ ನೋಡಿ, ಏನೂ ಹೇಳದೆ ಮುಚ್ಚಿಟ್ಟರು. ಬೈದಿದ್ದರೇ ವಾಸಿಯಿತ್ತು.

ಕೊಳಾಯಿಗೆ ಮಾತ್ರ ಒಳಗೊಳಗೇ ಸಂಭ್ರಮ. ಇಂಥ ಘಟನೆ ತನಗೆ ಸಿಕ್ಕಿದ್ದರೆ ಹತ್ತು ಪುಟ ಬರೆಯುತ್ತಿದ್ದೆ ಎಂದು ಹೊಟ್ಟೆ ಉರಿಸಿಕೊಂಡಳು. ಅಚ್ಚುಕಟ್ಟಮ್ಮ ಅಂದೇ ಬರೆದು ಕೊಟ್ಟಳು. ‘ರೋಗಿ ಮಂಚದಲ್ಲಿ ಕಂಡುಬರಲಿಲ್ಲ. ಹುಡುಕಲಾಯಿತು. ಬಸ್ಸಿನಲ್ಲಿ ದೊರೆತರು. ಮರಳಿ ಕರೆತಂದು ಬಿಪಿ ನೋಡಲಾಯಿತು. ವಿದ್ಯಾರ್ಥಿನಿಗೆ ಬೇಸರವಾಯಿತು.’

ಮರುದಿನ ಪುಸ್ತಕ ವಾಪಸು ಬಂತು. ‘ಬೇಸರವಾಯಿತು’ ಎಂಬುದರ ಪಕ್ಕದಲ್ಲಿ ಹಸಿರು ಶಾಯಿ: ‘ಆಮೇಲೆ?’

ಎರಡನೆಯ ಸಲಕ್ಕೆ ಅವಳು ಕೊಳಾಯಿಯ ಮೊರೆಹೊಕ್ಕಳು. ಇಬ್ಬರೂ ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಅಭ್ಯಾಸಕ್ಕೆಂದು ಇಟ್ಟಿದ್ದ ರಬ್ಬರಿನ ಗೊಂಬೆಗಳ ಕೋಣೆಯಲ್ಲಿ ಕೂತರು. ಕೊಳಾಯಿ ಹೇಳುತ್ತಾ ಹೋದಳು, ಇವಳು ದುಂಡಗೆ ಬರೆಯುತ್ತಾ ಹೋದಳು. ಬರಿದಾದ ಹಾಸಿಗೆ ಕಂಡು ಎದೆ ಒಡೆಯಿತು, ಕಣ್ಣು ಮಂಜಾಯಿತು, ಕಿಟಕಿಯ ಸರಳು ಹಿಡಿದು ಬಿಕ್ಕಿದೆ, ಇತ್ಯಾದಿ. ಆ ಕಿಟಕಿಗೆ ಸರಳೇ ಇಲ್ಲವಲ್ಲೇ ಎಂದು ಇವಳು ನಡುವೆ ತಡೆದಳು. ಇಲ್ಲದಿದ್ದರೆ ಹಾಕಿಸು, ಭಾವನೆಗೆ ಅಡ್ಡ ಬರಬೇಡ ಎಂದಳು ಕೊಳಾಯಿ.

ಆಮೇಲೆ ಮೇಡಂ ಈ ಸಲ ಅಂಚಿನಲ್ಲಿ ಬೇರೆ ಮಾತು ಬರೆದಿದ್ದರು: ‘ಈ ಕಣ್ಣೀರು ಯಾರದೋ ಅವರಿಗೆ ವಾಪಸು ಕೊಟ್ಟುಬಿಡು.’

ಅವತ್ತು ಬುಧವಾರ. ಮನೆಗೆ ಬಂದವಳೇ ಅಚ್ಚುಕಟ್ಟಮ್ಮ ಚಮಚಗಳ ತಟ್ಟೆಯನ್ನು ಇಡೀ ಮೇಜಿನ ಮೇಲೆ ಸುರಿದುಕೊಂಡು ಒರೆಸಲು ಕೂತಳು. ಏನೋ ಎಡವಟ್ಟಾಗಿದೆ ಎಂದು ಅಜ್ಜಿಗೆ ಅರ್ಥವಾಯಿತು. ಮೊಮ್ಮಗಳ ಬಾಯಿಂದ ವಿಷಯ ಹೊರಡಿಸಿಕೊಂಡು, ಇಷ್ಟೇ ತಾನೇ, ನಾನು ಹೇಳಿಕೊಡುತ್ತೇನೆ ಬರೆದುಕೋ ಎಂದು ಕುರ್ಚಿ ಎಳೆದುಕೊಂಡಳು. ಅಜ್ಜಿಯ ಕಥೆಯಲ್ಲಿ ಡ್ರೈವರಪ್ಪ ಬಸ್ಸನ್ನೇ ಓಡಿಸಿಕೊಂಡು ಹೊರಟಿದ್ದರು, ಮೊಮ್ಮಗಳು ಬೆನ್ನಟ್ಟಿದ್ದಳು.

ಅಮ್ಮ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಇದ್ದವಳು ಎದ್ದು ಬಂದಳು. ಮಕ್ಕಳ ಸಮವಸ್ತ್ರ ಹೊಲಿಯುವ ಕಾಲ. ಹೆಗಲ ಮೇಲೆ ಅಳತೆ ಟೇಪು, ತುಟಿಗಳ ನಡುವೆ ಗುಂಡುಸೂಜಿ. ಬಾಯಿ ತೆರೆಯುವಂತಿಲ್ಲವಾದ್ದರಿಂದ ಕಣ್ಣಲ್ಲೇ ಅಜ್ಜಿಯನ್ನು ಆಚೆ ಕರೆದಳು. ಅಜ್ಜಿ ಗೊಣಗುತ್ತಾ ಎದ್ದಳು. ಅಮ್ಮ ಚಮಚಗಳನ್ನೆಲ್ಲ ಬಾಚಿ ತಟ್ಟೆಗೆ ಸುರಿದು, ಹೇಗೆ ಬಿದ್ದವೋ ಹಾಗೆಯೇ ಒಳಗಿಟ್ಟು, ಮೇಜು ಖಾಲಿ ಮಾಡಿ, ಮಗಳ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟು, ಅಡುಗೆಮನೆಯ ಬಾಗಿಲನ್ನು ಅರ್ಧ ಎಳೆದುಕೊಂಡು ಹೋದಳು. ಆಚೆ ಯಂತ್ರ ಮತ್ತೆ ಗಡಗಡ ಎಂದಿತು.

ಅಚ್ಚುಕಟ್ಟಮ್ಮ ಹಾಳೆ ತೆರೆದಳು. ಏನೂ ಹೊಳೆಯಲಿಲ್ಲ. ಹೊಳೆಯದಿದ್ದಾಗ ಚಾರ್ಟ್ ಬರೆಯುವವರು ಮಾಡುವುದನ್ನೇ ಮಾಡಿದಳು. ಆಪರೇಷನ್ ದಿನ ಬೆಳಿಗ್ಗೆ ಕಂಡದ್ದನ್ನು ಕಂಡ ಹಾಗೆ ಬರೆಯತೊಡಗಿದಳು. ಚಪ್ಪಲಿ ಎಲ್ಲಿ ಎಂದು ಕೇಳಿದರು. ಹೇಳಿದೆ. ಆಮೇಲೆ? ಮತ್ತೆ ಕೇಳಿದರು. ಕಿವಿ ಕೇಳಿಸದೆ? ಇಲ್ಲ, ಅವರ ಕಿವಿ ಚೆನ್ನಾಗಿತ್ತು. ಹಾಗಾದರೆ ಯಾಕೆ ಕೇಳಿದರು? ಅದನ್ನು ನಾನು ಕೇಳಲಿಲ್ಲ. ಆಮೇಲೆ? ಬಿಪಿ ನೋಡಿದೆ. ಹಿಂದಿನ ದಿನಕ್ಕಿಂತ ಮೇಲಿತ್ತು. ಅಂಕಿಯನ್ನು ಸರಿಯಾಗಿಯೇ ಬರೆದೆ. ಅಂಕಿಯ ಪಕ್ಕದಲ್ಲೇ ಶಾಂತವಾಗಿದ್ದಾರೆ ಎಂದು ಬರೆದೆ.

ಇಲ್ಲಿ ಅವಳ ಪೆನ್ನು ನಿಂತಿತು. ಇಷ್ಟು ದಿನ ತಾನು ಬರೆದ ಆ ಎರಡನ್ನೂ ಅವಳು ಒಟ್ಟಿಗೆ ಓದಿಯೇ ಇರಲಿಲ್ಲ.

ಮುಂದಿನ ಸಾಲು ಬರೆದು ಹೊಡೆದುಹಾಕಿದಳು. ಇನ್ನೊಂದು ಬರೆದಳು, ಅದನ್ನೂ ಹೊಡೆದಳು. ಆಮೇಲೆ ನಿಧಾನವಾಗಿ, ಅಕ್ಷರಗಳು ವಾಲಿಕೊಂಡು ಬಂದವು. ‘ಅವರ ಕಾಲ್ಬೆರಳುಗಳು ಮುದುರಿಕೊಂಡಿದ್ದವು. ನಾನು ನೋಡಿದೆ. ನೋಡಿದ್ದಕ್ಕೇ ಹೊದಿಕೆ ಎಳೆದು ಮುಚ್ಚಿದೆ. ಕೂತುಕೊಳ್ಳಮ್ಮ ಎಂದರು. ಕೂತರೆ ಏನು ಹೇಳಬೇಕೋ ನನಗೆ ಗೊತ್ತಿರಲಿಲ್ಲ. ಏನು ಹೇಳಬೇಕೆಂದು ಗೊತ್ತಾಗದಾಗಲೆಲ್ಲ ನಾನು ಹಾಸಿಗೆ ಸರಿಮಾಡುತ್ತೇನೆ. ಅವರು ಶಾಂತವಾಗಿರಲಿಲ್ಲ. ಶಾಂತವಾಗಿದ್ದಾರೆ ಎಂದು ನಾನು ಬರೆದದ್ದು, ಹಾಗೆ ಬರೆದರೆ ನಾನು ಅಲ್ಲಿಂದ ಹೋಗಬಹುದಾಗಿತ್ತು, ಅದಕ್ಕೆ.’

ಬರೆದದ್ದನ್ನು ಮತ್ತೊಮ್ಮೆ ಓದಿಕೊಂಡಳು. ಚಾರ್ಟಿನಲ್ಲಿ ನಿಜವಲ್ಲದ್ದನ್ನು ಬರೆಯುವುದು ಎಂದರೆ ಅವರ ಕಸುಬಿನಲ್ಲಿ ಸಣ್ಣ ಮಾತಲ್ಲ. ಮೊದಲ ವಾರದಲ್ಲೇ ಅದನ್ನು ಹೇಳಿ ಹೆದರಿಸಿರುತ್ತಾರೆ. ಈ ಪುಟ ಕೊಟ್ಟರೆ ಸಹಿಯ ಮಾತಿರಲಿ, ಮಕ್ಕಳ ವಾರ್ಡಿನ ಬಾಗಿಲನ್ನು ತಾನೇ ಎಳೆದು ಮುಚ್ಚಿಕೊಂಡ ಹಾಗೆ. ಕೊಡದಿದ್ದರೆ ಕೊಳಾಯಿಯಿಂದ ಇನ್ನೊಂದು ಬಿಂದಿಗೆ ಕಣ್ಣೀರು ಸಾಲ ತರಬೇಕು. ಪುಟ ಹರಿಯಲು ಅಂಚು ಹಿಡಿದಳು. ಹರಿದರೆ ಹೊಲಿಗೆ ಸಡಿಲವಾಗಿ ಆ ಕಡೆಯ ಹಾಳೆಯೂ ಕಿತ್ತುಬರುತ್ತದೆ ಎಂದು ಬಿಟ್ಟಳು. ಅದೊಂದೇ ಕಾರಣವಾಗಿತ್ತೆಂದು ಬಹಳ ದಿನ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಗುರುವಾರ ಆಮೇಲೆ ಮೇಡಂ ತಮ್ಮ ಕೋಣೆಯಲ್ಲಿ ಅದನ್ನು ಅವಳ ಎದುರಿಗೇ ಓದಿದರು. ಕಿಟಕಿಯ ಮೇಲೆ ಒಣಗಿದ ಗಿಡವೊಂದಕ್ಕೆ ಅವರು ದಿನವೂ ಹಟದಿಂದ ನೀರು ಹಾಕುತ್ತಿದ್ದರು. ಅಚ್ಚುಕಟ್ಟಮ್ಮ ಅದನ್ನೇ ನೋಡುತ್ತಾ ನಿಂತಳು. ಹೊಡೆದುಹಾಕಿದ ಸಾಲುಗಳನ್ನೂ ಮೇಡಂ ಹಾಳೆ ವಾಲಿಸಿಕೊಂಡು ಓದುತ್ತಿದ್ದುದನ್ನು ಕಂಡು ಅವಳಿಗೆ ತೀರಾ ಸಂಕಟವಾಯಿತು. ಓದಿ ಮುಗಿಸಿದರು. ಹಸಿರು ಪೆನ್ನು ಕೈಗೆ ತೆಗೆದುಕೊಂಡರು. ಬರೆಯಲಿಲ್ಲ.

“ಆಮೇಲೆ?” ಎಂದರು.

“ಆಮೇಲೆ ಏನೂ ಇಲ್ಲ ಮೇಡಂ.”

“ಅವರು ಇನ್ನೂ ವಾರ್ಡಲ್ಲೇ ಇದ್ದಾರಲ್ಲ?”

“ಇದ್ದಾರೆ. ನಾನೇ ಆ ಕಡೆ ಮಂಚಗಳನ್ನ ಬೇರೆಯವರಿಗೆ ಕೊಟ್ಟು ಈ ಕಡೆದು ಮಾಡ್ತಿದ್ದೀನಿ.”

“ನೋಡು, ಇದು ಇನ್ನೂ ಅರ್ಧ ಬರ್ದಿರೋದು,” ಎಂದರು ಮೇಡಂ. “ಮಿಕ್ಕಿದ್ದು ಇಲ್ಲಿ ಕೂತು ಬರೆಯೋಕಾಗಲ್ಲ. ಅಲ್ಲಿಗೆ ಹೋಗ್ಬೇಕು. ಆಮೇಲೆ, ಚಾರ್ಟ್ ವಿಷಯ ನನಗೆ ಹೇಳಿದ್ರೆ ಸಾಲದು. ದೊಡ್ಡ ಸಿಸ್ಟರ್‌ಗೆ ನೀನೇ ಹೇಳು. ನಾನು ಹೇಳಲ್ಲ.”

ಇದಕ್ಕಿಂತ ಅವರು ಕಪಾಳಕ್ಕೆ ಹೊಡೆದಿದ್ದರೆ ಸುಲಭವಿತ್ತು ಎಂದುಕೊಂಡು ಅಚ್ಚುಕಟ್ಟಮ್ಮ ಪುಸ್ತಕವನ್ನು ಕಂಕುಳಲ್ಲಿ ಒತ್ತಿಕೊಂಡು ಹೊರಬಂದಳು.

ದೊಡ್ಡ ಸಿಸ್ಟರ್ ಔಷಧದ ಬೀರುವಿನ ಮುಂದೆ ನಿಂತು ಬಾಟಲಿ ಎಣಿಸುತ್ತಿದ್ದರು. ಇವಳು ಹೇಳಿದ್ದನ್ನೆಲ್ಲ ಎಣಿಕೆ ನಿಲ್ಲಿಸದೆ ಕೇಳಿದರು. ನನಗೆ ಅಂದೇ ಗೊತ್ತಿತ್ತು, ನೀನು ಬಂದು ಹೇಳುತ್ತೀಯೋ ಇಲ್ಲವೋ ಅಂತ ಕಾಯುತ್ತಿದ್ದೆ ಎಂದರು. ಶಿಕ್ಷೆಯೇನೆಂದು ಆಮೇಲೆ ಹೇಳುವೆ, ಮೊದಲು ಹೋಗಿ ಆ ಮನುಷ್ಯನನ್ನು ಮಾತಾಡಿಸು, ಶನಿವಾರ ಮತ್ತೆ ಬಸ್ಸು ಹತ್ತಿದರೆ ಸರ್ಜನ್ ನಮ್ಮಿಬ್ಬರನ್ನೂ ಮೇಜಿನ ಮೇಲೆ ಮಲಗಿಸುತ್ತಾರೆ ಎಂದೂ ಸೇರಿಸಿದರು.

ಡ್ರೈವರಪ್ಪ ದಿಂಬಿಗೆ ಒರಗಿ ಕಿಟಕಿಯಾಚೆ ನೋಡುತ್ತಿದ್ದರು. ಹೆಂಡತಿ ಊಟಕ್ಕೆ ಹೋಗಿದ್ದರು. ಅಚ್ಚುಕಟ್ಟಮ್ಮ ಮಂಚದ ಬಳಿ ಬಂದಳು. ಹೊದಿಕೆ ಒಂದು ಕಡೆ ಜಾರಿ ನೆಲ ಮುಟ್ಟುತ್ತಿತ್ತು. ಅವಳ ಬೆರಳು ತುಡಿದವು. ಎರಡು ಕೈಗಳನ್ನೂ ಏಪ್ರನ್ನಿನ ಜೇಬಿಗೆ ತುರುಕಿಕೊಂಡು ಸ್ಟೂಲಿನ ಮೇಲೆ ಕೂತಳು. ಅವರು ನೋಡುತ್ತಿದ್ದ ಕಡೆಗೇ ತಾನೂ ನೋಡಿದಳು. ಎದುರಿನ ನಿಲ್ದಾಣದಿಂದ ಒಂದು ಬಸ್ಸು ಹೊರಟು ಹೋಯಿತು.

“ಏನಮ್ಮ ತಾಯಿ, ಕಾವಲಿಗೆ ಹಾಕಿದ್ದಾರಾ ನಿನ್ನ?” ಎಂದರು ಡ್ರೈವರಪ್ಪ ಕೊನೆಗೆ.

“ಇಲ್ಲ ಯಜಮಾನ್ರೇ. ಅವತ್ತು ಕೂತ್ಕೋ ಅಂದ್ರಲ್ಲ, ಅದಕ್ಕೆ ಬಂದೆ.”

“ಅವತ್ತು ಅಂದಿದ್ದಕ್ಕೆ ಇವತ್ತಾ? ನಮ್ಮ ಬಸ್ಸು ಇಷ್ಟು ತಡ ಆಗಿದ್ರೆ ಜನ ಕಲ್ಲು ಹೊಡೀತಿದ್ರು.”

ಅವಳಿಗೆ ನಗು ಬಂತು. ನಕ್ಕದ್ದರಿಂದಲೋ ಏನೋ, ಏನು ಹೇಳಬೇಕೋ ನನಗೆ ಗೊತ್ತಾಗುತ್ತಿಲ್ಲ ಎಂಬ ಮಾತು ಹಾಗೆಯೇ ಬಾಯಿಂದ ಜಾರಿಬಿಟ್ಟಿತು. ಡ್ರೈವರಪ್ಪ ಅವಳನ್ನು ನೋಡಿ, ಹಾಗಾದರೆ ಒಳ್ಳೆಯದೇ ಆಯಿತು, ಬಂದವರೆಲ್ಲ ಏನೋ ಒಂದು ಹೇಳಿಯೇ ಹೋಗುತ್ತಾರೆ ಎಂದರು. ಸಣ್ಣ ಆಪರೇಷನ್ನು ಎನ್ನುತ್ತಾರೆ ಡಾಕ್ಟರು. ನಿಮ್ಮಂಥ ಗಟ್ಟಿಗರು ಉಂಟೇ ಎನ್ನುತ್ತಾಳೆ ಹೆಂಡತಿ. ಗಟ್ಟಿಗರು ಎಂದಮೇಲೆ ಬಾಯಿ ಬಿಡುವುದು ಹೇಗೆ?

ಅವರು ಬಾಗಿಲ ಕಡೆ ಒಮ್ಮೆ ನೋಡಿದರು. ಹೆಂಡತಿ ಬರುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ದನಿ ತಗ್ಗಿಸಿದರು.

“ಕೊಯ್ಯೋದಕ್ಕೆ ನನಗೆ ಭಯ ಇಲ್ಲಮ್ಮ. ನಿದ್ದೆ ಬರಿಸ್ತಾರಲ್ಲ, ಅದು. ಜೀವಮಾನ ಎಲ್ಲ ಸ್ಟೀರಿಂಗ್ ನನ್ನ ಕೈಲಿತ್ತು. ಬೇರೆಯವರು ಓಡಿಸೋ ಬಸ್ಸಲ್ಲಿ ನಾನು ಕಣ್ಣು ಮುಚ್ಚಿದವನೇ ಅಲ್ಲ. ಮಗಳ ಮದುವೆಗೆ ಊರಿಗೆ ಹೋಗುವಾಗಲೂ ದಾರಿ ಉದ್ದಕ್ಕೂ ಎದ್ದೇ ಕೂತಿದ್ದೆ. ಈಗ ಯಾರೋ ಮುಖ ನೋಡದವನು ಬಂದು ಮಲ್ಕೋ ಅಂದ್ರೆ ನಾನು ಮಲಗಿಬಿಡ್ಬೇಕು. ಅವನು ಹೇಗೆ ಓಡಿಸ್ತಾನೋ ಏನೋ.”

ಅಚ್ಚುಕಟ್ಟಮ್ಮ ಹೆದರಬೇಡಿ ಎನ್ನಲು ಬಾಯಿ ತೆರೆದು ಮುಚ್ಚಿದಳು. ಕೇಳಬೇಕಾದ್ದು ಮಾತ್ರ ಒಂದಿತ್ತು.

“ಅವರ ಮುಖ ನೋಡಿದ್ರೆ ಆಗುತ್ತಾ?” ಎಂದಳು.

ನೋಡಿದರೆ ನಿರ್ಧಾರ ಹೇಳುತ್ತೇನೆ ಎಂದರು ಡ್ರೈವರಪ್ಪ, ಕೆಲಸಕ್ಕೆ ಆಳು ತೆಗೆದುಕೊಳ್ಳುವವರ ಗತ್ತಿನಲ್ಲಿ.

ಪ್ರಜ್ಞೆ ತಪ್ಪಿಸುವ ಡಾಕ್ಟರು ಎಳೆಯ ವಯಸ್ಸಿನವರು. ಸಾಮಾನ್ಯವಾಗಿ ರೋಗಿಗಳು ಅವರ ಮುಖಕ್ಕಿಂತ ಅವರ ಕೈಯಲ್ಲಿನ ಸೂಜಿಯನ್ನೇ ನೋಡುತ್ತಿದ್ದರಾದ್ದರಿಂದ, ಒಬ್ಬರು ತಮ್ಮನ್ನು ನೋಡಲು ಬಯಸಿದ್ದಾರೆ ಎಂದಾಗ ಕೂದಲು ಬಾಚಿಕೊಂಡು ಶುಕ್ರವಾರ ಬೆಳಿಗ್ಗೆ ಬಂದರು. ಡ್ರೈವರಪ್ಪ ಅವರನ್ನು ಅದೇ ಸ್ಟೂಲಿನ ಮೇಲೆ ಕೂರಿಸಿ ಸಂದರ್ಶನ ಮಾಡಿದರು. ಎಷ್ಟು ವರ್ಷದ ಅನುಭವ, ಇದುವರೆಗೆ ಅಪಘಾತವೇನಾದರೂ ಆಗಿದೆಯೇ, ಡ್ಯೂಟಿಯ ಹಿಂದಿನ ರಾತ್ರಿ ನಿದ್ದೆ ಮಾಡುತ್ತೀರಾ, ಕೆಲಸದ ನಡುವೆ ಮಾತಾಡಲು ಎದ್ದು ಹೋಗುವ ಚಾಳಿ ಉಂಟೇ. ನೀವು ಕಣ್ಣು ಬಿಡುವವರೆಗೆ ನಾನು ನಿಮ್ಮ ತಲೆಯ ಹತ್ತಿರದಿಂದ ಕದಲುವುದಿಲ್ಲ, ನನ್ನ ಕೆಲಸವೇ ಅದು ಎಂದು ಡಾಕ್ಟರು ಹೇಳಿದಾಗ ಡ್ರೈವರಪ್ಪ ಮೊದಲ ಸಲ ತಲೆಯಾಡಿಸಿದರು. ಮುಗಿದ ಮೇಲೆ ಡಾಕ್ಟರು ಎದ್ದು ನಿಂತು, ತಾನು ಪಾಸೋ ಎಂದು ಅಚ್ಚುಕಟ್ಟಮ್ಮನನ್ನು ಕಣ್ಣಲ್ಲೇ ಕೇಳಿದರು. ಹೆಂಡತಿ ಮಾತ್ರ ಹೆಣಿಗೆ ಕೈಬಿಟ್ಟು ಗಂಡನನ್ನೇ ದಿಟ್ಟಿಸುತ್ತಿದ್ದರು. ಇಷ್ಟು ವರ್ಷದ ಮೇಲೆ ಇಂಥ ಹೊಸ ಸುದ್ದಿ ಕೇಳಿದ ಆ ಮುಖದಲ್ಲಿ ಸಿಟ್ಟಿತ್ತು, ಅದರ ಜೊತೆಗೆ ಮತ್ತೇನೋ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಅವರು ಕುರ್ಚಿಯನ್ನು ಮಂಚಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಂಡರು.

ಚಾರ್ಟ್ ಬರೆಯುವ ಹೊತ್ತಿಗೆ ಅಚ್ಚುಕಟ್ಟಮ್ಮ ಬಹಳ ಯೋಚಿಸಿದಳು. ‘ನಿದ್ದೆ ಬರಿಸುವುದರ ಬಗ್ಗೆ ಭಯವಿದೆ ಎಂದು ರೋಗಿ ಹೇಳಿದರು. ಅರಿವಳಿಕೆ ವೈದ್ಯರನ್ನು ಭೇಟಿ ಮಾಡಿಸಲಾಯಿತು. ಭಯ ಪೂರ್ತಿ ಹೋಗಿಲ್ಲ, ಆದರೆ ಶನಿವಾರ ಬರುತ್ತೇನೆ ಎನ್ನುತ್ತಾರೆ.’ ದೊಡ್ಡ ಸಿಸ್ಟರ್ ಅದನ್ನು ಓದಿ, ಚಾರ್ಟಿನಲ್ಲಿ ಇಷ್ಟುದ್ದ ಕಥೆ ಯಾರೂ ಬರೆಯುವುದಿಲ್ಲ ಎಂದರು. ಹೊಡೆದುಹಾಕು ಎನ್ನಲಿಲ್ಲ. ಶಿಕ್ಷೆಯನ್ನೂ ಆಗಲೇ ಹೇಳಿದರು: ಉಳಿದವರು ಸೋಮವಾರ ಮಕ್ಕಳ ವಾರ್ಡಿಗೆ ಹೊರಟಾಗ ಅವಳು ಇನ್ನೊಂದು ವಾರ ಇಲ್ಲೇ ಇದ್ದು, ಆಪರೇಷನ್ನಿಗೆ ಹೋಗುವ ಒಬ್ಬೊಬ್ಬರ ಬಳಿಯೂ ಕೂತು ಮಾತಾಡಿಸಿ ಬರಬೇಕು. ಅದೂ ಮೇಡಂ ಸಹಿ ಹಾಕಿದರೆ. ಹಾಕದಿದ್ದರೆ ವಾರದ ಮಾತೇ ಇಲ್ಲ, ಇಡೀ ಅವಧಿ ಇಲ್ಲೇ.

ಗಡುವು ಮುಗಿಯಲು ಇನ್ನು ಆ ಸಂಜೆ ಮಾತ್ರ ಇತ್ತು. ಅವಳು ದಾದಿಯರ ಕೋಣೆಯ ಮೂಲೆಯಲ್ಲಿ ನಿಂತುಕೊಂಡೇ ಉಳಿದ ಅರ್ಧವನ್ನು ಬರೆದಳು. ಅಂಗೈ ಮೇಲೆ ಪುಸ್ತಕ ಇಟ್ಟಿದ್ದರಿಂದ ಸಾಲುಗಳು ಗುಡ್ಡ ಹತ್ತಿ ಇಳಿದಿದ್ದವು. ಎರಡು ಕಡೆ ಬಾಣದ ಗುರುತು ಹಾಕಿ ಮಾತುಗಳನ್ನು ಅಂಚಿಗೆ ತುರುಕಿದ್ದಳು. ಒಂದು ಕಡೆ ಯಾರದೋ ಚಹಾ ತುಳುಕಿತ್ತು. ಕೊನೆಯಲ್ಲಿ, ನಾಳೆ ಅದೇ ಸಂದರ್ಭ ಎದುರಾದರೆ ಏನು ಮಾಡುತ್ತೀಯ ಎಂಬಲ್ಲಿ, ‘ಕೂರುತ್ತೇನೆ. ಏನು ಹೇಳಬೇಕೆಂದು ಆಗಲೂ ಗೊತ್ತಿರುವುದಿಲ್ಲ. ಅವರನ್ನೇ ಕೇಳುತ್ತೇನೆ’ ಎಂದಿತ್ತು.

ಆಮೇಲೆ ಮೇಡಂ ಕೈಚೀಲ ಹೆಗಲಿಗೆ ಹಾಕಿಕೊಂಡು ಕೋಣೆಗೆ ಬೀಗ ಹಾಕುತ್ತಿದ್ದರು. ಅವಳನ್ನು ಕಂಡು ಅಲ್ಲೇ, ಬಾಗಿಲಿಗೆ ಒರಗಿ ನಿಂತು, ಪುಸ್ತಕ ತೆರೆದು ಓದಿದರು. ಓದುತ್ತಿದ್ದ ಹಾಗೆ ಒಂದೆರಡು ಸಲ ಅವರ ತುಟಿಯಂಚು ಅಲುಗಿತು. ಅಚ್ಚುಕಟ್ಟಮ್ಮನಿಗೆ ಕಾಣುತ್ತಿದ್ದದ್ದು ಚಹಾದ ಕಲೆ ಒಂದೇ.

“ಮೇಡಂ, ಒಂದರ್ಧ ಗಂಟೆ ಕೊಡಿ. ನೀಟಾಗಿ ಬೇರೆ ಹಾಳೇಲಿ ಬರ್ಕೊಂಡು ಬರ್ತೀನಿ.”

“ಬರ್ಕೊಂಡು ಬಂದ್ರೆ ಸಹಿ ಹಾಕಲ್ಲ,” ಎಂದರು ಮೇಡಂ. ಚೀಲದಿಂದ ಹಸಿರು ಪೆನ್ನು ತೆಗೆದು, ಪುಸ್ತಕವನ್ನು ಬಾಗಿಲಿಗೆ ಒತ್ತಿ ಹಿಡಿದು, ಇದ್ದಬದ್ದ ಬಾಣಗಳ ನಡುವೆ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಸಹಿ ಹಾಕಿದರು. ಅದೂ ಸೊಟ್ಟಗೇ ಬಂತು.